ಎಡಗಿವಿಯ ಸುಖ

ನನ್ನ ಕಿವಿಗಳು ನೋಡಲು ದೊಡ್ಡವು, ತೂತು ಮಾತ್ರ ಸಣ್ಣವು. ಇದು ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ, ಟ್ರಾನ್ಸಿಸ್ಟರ್ ಕೊಂಡಾಗ. ಅದರ ಜೊತೆಗೆ ಒಂದು ವೈರು, ವೈರಿನ ತುದಿಗೆ ಒಂದೇ ಕಿವಿಗೆ ಇಟ್ಟುಕೊಳ್ಳುವ ಇಯರ್‌ಫೋನು ಬಂದಿತ್ತು. ಇನ್ನೊಂದು ಕಿವಿ ಏನು ಪಾಪ ಮಾಡಿತ್ತು ಎಂದು ಅಂಗಡಿಯವನನ್ನು ಕೇಳಿದೆ. “ಅದು ಮನ್ಯಾಗಿನವ್ರ ಮಾತ ಕೇಳಾಕ್ರಿ” ಎಂದು ನಕ್ಕ.

ಎಪ್ಪತ್ತರ ದಶಕದ ಮಾತು ಇದು. ನಾನು ಸಿಂದಗಿಯ ಕಚೇರಿಯೊಂದರಲ್ಲಿ ಕಾರಕೂನ. ಜನ ತರುವ ಖರೀದಿ ಪತ್ರಗಳನ್ನು ದಪ್ಪ ಪುಸ್ತಕಕ್ಕೆ ನಕಲು ಮಾಡುವುದು ನನ್ನ ಕೆಲಸ. ಮಧ್ಯಾಹ್ನ ರೇಡಿಯೋದಲ್ಲಿ ಹಿಂದೂಸ್ತಾನಿ ಹಾಡಿಕೆ ಬರುವ ಹೊತ್ತಿಗೇ ನಾನು ಹೊಲಗದ್ದೆಗಳ ಸರ್ವೆ ನಂಬರು ಬರೆಯುತ್ತ ಕೂತಿರಬೇಕಿತ್ತು. ಇದು ಅನ್ಯಾಯ ಅನ್ನಿಸಿತು. ಟ್ರಾನ್ಸಿಸ್ಟರನ್ನು ಟೇಬಲ್ಲಿನ ಖಾನೆಯಲ್ಲಿ ಬಚ್ಚಿಟ್ಟು, ವೈರನ್ನು ಅಂಗಿಯೊಳಗಿಂದ ಎಳೆದು ಎಡಗಿವಿಗೆ ಸಿಕ್ಕಿಸಿ, ಮೇಲೆ ಮಫ್ಲರ್ ಸುತ್ತಿಕೊಂಡೆ. ನಮ್ಮ ಕಡೆಯ ಬೇಸಿಗೆಯಲ್ಲಿ ಮಫ್ಲರ್! ಕಿವಿಗೆ ಗಾಳಿ ತಾಗಬಾರದಂತೆ ಎಂದು ಸಾಹೇಬರಿಗೆ ಹೇಳಿದ್ದೆ. ಪಾಪ, ಅವರು ಫ್ಯಾನನ್ನು ಬೇರೆ ಕಡೆ ತಿರುಗಿಸಿದರು.

ತೊಂದರೆ ಬಂದದ್ದು ಕಿವಿಯಿಂದಲೇ. ಆ ಗಟ್ಟಿ ಪ್ಲಾಸ್ಟಿಕ್ಕು ಅರ್ಧ ತಾಸಿನಲ್ಲಿ ಕಿವಿಯನ್ನು ಕೆಂಪಗೆ ಮಾಡುತ್ತಿತ್ತು. ಹತ್ತಿ ಸುತ್ತಿದರೆ ಹಾಡು ಪಕ್ಕದ ಊರಿನಿಂದ ಬಂದಂತೆ ಕೇಳುತ್ತಿತ್ತು. ಮುದ್ದೇಬಿಹಾಳದಲ್ಲಿ ಇನ್ನೊಂದು ಕೊಂಡೆ, ಅದು ಜಾರಿ ಬೀಳುತ್ತಿತ್ತು. ಬಸವನ ಬಾಗೇವಾಡಿಗೆ ಮದುವೆಗೆ ಹೋದವನು ಊಟದ ಪಂಕ್ತಿ ಬಿಟ್ಟು ರೇಡಿಯೋ ಅಂಗಡಿ ಹುಡುಕಿದೆ. ಕನ್ಯೆ ನೋಡುವಾಗಲೂ ನಾನು ಇಷ್ಟು ಅಲೆದಿರಲಿಲ್ಲ. ಕೊನೆಗೆ ಇಂಡಿಯಲ್ಲಿ ರೇಡಿಯೋ ರಿಪೇರಿ ಮಾಡುವ ಮುದುಕರೊಬ್ಬರು ಸೈಕಲ್ಲಿನ ವಾಲ್ವಿಗೆ ಹಾಕುವ ಮೆತ್ತನೆಯ ರಬ್ಬರ್ ಟ್ಯೂಬನ್ನು ಕತ್ತರಿಸಿ ಅದಕ್ಕೆ ತೊಡಿಸಿದರು. “ಇನ್ನ ಹಾಕ್ಕೊಂಡದ್ದ ಮರತ ಹೋಗ್ತೈತಿ ನೋಡ್ರಿ” ಎಂದರು. ನಿಜವಾಗಿಯೂ ಮರೆತುಹೋಯಿತು. ಆ ರಬ್ಬರು ಸಿಗದೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಕಲು ಮಾಡಿದ್ದನ್ನು ತಾಳೆ ನೋಡುವ ಪದ್ಧತಿ ನಮ್ಮಲ್ಲಿತ್ತು. ಒಬ್ಬ ಮೂಲಪತ್ರವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ನಕಲಿನ ಮೇಲೆ ಬೆರಳು ಸರಿಸುತ್ತ ಪ್ರತಿ ಮಾತಿಗೂ “ಹೂಂ” ಅನ್ನಬೇಕು. ಸಣ್ಣವನಿದ್ದಾಗ ಸಾಲೋಟಗಿಯಲ್ಲಿ ನಮ್ಮಜ್ಜಿ ಕಥೆ ಹೇಳುವಾಗಲೂ ಹೀಗೇ. ನಾವು ಹೂಂ ಅನ್ನದಿದ್ದರೆ ರಾಜಕುಮಾರ ನಡುದಾರಿಯಲ್ಲೇ ನಿಲ್ಲುತ್ತಿದ್ದ. ಆ ಊರಿನ ಹಳೆಯ ಶಾಸನ ಕೊರೆದವನ ಪಕ್ಕದಲ್ಲೂ ಯಾರೋ ಕೂತು ಓದಿ ಹೇಳಿರಬೇಕು, ಅವನೂ ಉಳಿ ತಡೆದು ಹೂಂ ಅಂದಿರಬೇಕು. ಆದರೆ ಅವನ ಕಿವಿಯಲ್ಲಿ ಭೀಮಪಲಾಸ ರಾಗ ಇರಲಿಲ್ಲ.

ನನಗೆ ಓದಿ ಹೇಳುತ್ತಿದ್ದವರು ಗುರುಲಿಂಗಪ್ಪ ಕಾಕಾ. ದಿನಾ ಆಲಮೇಲದಿಂದ ಬಸ್ಸಿಗೆ ಬರುವ, ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಕಾರಕೂನರು. ಹೊಸದಾಗಿ ಸೇರಿದಾಗ ನನಗೆ ಕೆಲಸ ಕಲಿಸಿದವರು, ಮಕ್ಕಳಿಲ್ಲದ ಅವರು ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದರು. ಎದುರಿಗೆ ಸಾಹೇಬರು ಕೂತಿರುವಾಗ ಹರಟುವಂತಿಲ್ಲವಲ್ಲ, ಕಾಕಾ ತಮ್ಮ ಮಾತನ್ನೂ ಪತ್ರ ಓದುವ ಧಾಟಿಯಲ್ಲೇ ನಡುವೆ ಸೇರಿಸುತ್ತಿದ್ದರು. “ಪೂರ್ವಕ್ಕ ಭೀಮರಾಯನ ಹೊಲ.” ಹೂಂ. “ಪಶ್ಚಿಮಕ್ಕ ಹಳ್ಳ.” ಹೂಂ. “ಇವತ್ತ ಮನ್ಯಾಗ ಜುಣಕ ಮಾಡ್ಯಾರ, ಕೂಡಿ ಉಣ್ಣೂಣು ತಮ್ಮಾ.” ಹೂಂ. “ದಕ್ಷಿಣಕ್ಕ ಸರಕಾರಿ ದಾರಿ.” ಸಾಹೇಬರಿಗೆ ಒಮ್ಮೆಯೂ ತಿಳಿಯಲಿಲ್ಲ.

ಕಾಕಾ ಕೂಡುತ್ತಿದ್ದದ್ದು ನನ್ನ ಬಲಕ್ಕೆ. ಆದ್ದರಿಂದ ಎಡಗಿವಿ ಹಾಡಿಗೆ, ಬಲಗಿವಿ ಕಾಕಾನಿಗೆ ಎಂದು ಹಂಚಿಕೊಟ್ಟಿದ್ದೆ. ಆ ಮಳೆಗಾಲದಲ್ಲಿ ಅವರ ದನಿ ಒಡೆಯಿತು. ಗಂಟಲು ಕಟ್ಟಿದವರ ಹಾಗೆ ಕರಕರ ಎಂದು ಓದುತ್ತಿದ್ದರು, ನಡುನಡುವೆ ನೀರು ಕುಡಿಯುತ್ತಿದ್ದರು. ಹಾಡಿಗೆ ಅಡ್ಡಬರುತ್ತದೆಂದು ನಾನು ಖಾನೆಯೊಳಗೆ ಕೈ ಹಾಕಿ ದನಿಯನ್ನು ಸ್ವಲ್ಪ ಏರಿಸಿದೆ. ಬರೆದವನು ನಾನೇ ಆದ್ದರಿಂದ ಕಣ್ಣಾಡಿಸಿದರೆ ಸಾಕಿತ್ತು, ಅವರ ತುಟಿ ನಿಂತಾಗ ಹೂಂ ಅನ್ನುತ್ತಿದ್ದೆ. ಒಂದು ಮಂಗಳವಾರ ಅವರು ಬಹಳ ಸಪ್ಪಗಿದ್ದರು. ಏನ್ರಿ ಕಾಕಾ ಎಂದೆ. “ಏನಿಲ್ಲ ಬಿಡು” ಎಂದು ಪತ್ರ ಬಿಡಿಸಿದರು.

ದೀಪಾವಳಿ ಕಳೆದು ಎಷ್ಟೋ ದಿನಗಳ ಮೇಲೆ ಅವರನ್ನು ಬಿಜಾಪುರದ ದವಾಖಾನೆಗೆ ಸೇರಿಸಿದರು. ಗಂಟಲಿನ ಗಂಟು, ತಡವಾಗಿ ಬಂದಿರಿ ಎಂದರಂತೆ. ಯುಗಾದಿಯನ್ನು ಕಾಣಲಿಲ್ಲ ಕಾಕಾ.

ಮಾತಾಡಿಸಿಕೊಂಡು ಬರಲು ಆಲಮೇಲಕ್ಕೆ ಹೋದೆ. ಕಾಕಾನ ಹೆಂಡತಿ, ನಮ್ಮ ಕಾಕು, ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ, ಸಿಟ್ಟಿಲ್ಲದೆ ಹೇಳಿದರು: “ಮಳಿಗಾಲದಾಗ ಒಮ್ಮೆ ಬಿಜಾಪುರಕ್ಕ ತೋರ್ಸಾಕ ಹೊಂಟಿದ್ರು. ಒಬ್ಬರ ಹೋಗಾಕ ಅಂಜಿಕಿ. ಮೈದುನ ಬರ್ತೇನಿ ಅಂದಿದ್ದ. ಬ್ಯಾಡ, ತಮ್ಮಾ ಹೂಂ ಅಂದಾನ ಅಂದ್ರು. ಸೋಮವಾರ ಸೂಟಿ ಇತ್ತು, ಸಿಂದಗಿ ಬಸ್‌ಸ್ಟ್ಯಾಂಡಿನ್ಯಾಗ ನಿಮ್ಮ ಹಾದಿ ನೋಡಿ ನೋಡಿ ಹೊಳ್ಳಿ ಬಂದ್ರು. ಆಮ್ಯಾಲೆ ಹೋಗೂದ ಬಿಟ್ರು.”

ಇಯರ್‌ಫೋನಿನ ವಿಷಯ ಹೇಳಲು ನಾಲಿಗೆ ಬರಲಿಲ್ಲ. “ಮರತಬಿಟ್ಟೆರಿ ಕಾಕು” ಎಂದೆ. ಅದೂ ಸುಳ್ಳು. ಮರೆಯಬೇಕಾದರೆ ಮೊದಲು ಕೇಳಿರಬೇಕು.

“ಇರ್ಲಿ ಬಿಡ್ರಿ, ಕೆಲಸದ ಗದ್ದಲದಾಗ ನೆನಪರೆ ಎಲ್ಲಿರ್ತೈತಿ” ಎಂದು ಅವರೇ ನನ್ನನ್ನು ಸಮಾಧಾನ ಮಾಡಿ ಚಹಾ ಕೊಟ್ಟರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮರುದಿನ ಕಚೇರಿಯಲ್ಲಿ ಆ ಮಳೆಗಾಲದ ಪುಸ್ತಕ ತೆಗೆದು ನೋಡಿದೆ. ಪ್ರತಿ ಪುಟದ ಕೆಳಗೂ ತಾಳೆ ನೋಡಿದೆ ಎಂದು ನಮ್ಮಿಬ್ಬರ ಸಹಿ. ಯಾವುದೋ ಹೊಲದ ಪೂರ್ವಕ್ಕೂ ಪಶ್ಚಿಮಕ್ಕೂ ನಡುವೆ ಅವರು ನನ್ನನ್ನು ಕೇಳಿದ್ದರು. ಯಾವ ಹೊಲ ಎಂದು ಗೊತ್ತಾಗಲಿಲ್ಲ. ನಕಲಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಈಗ ಯಾರು ಏನು ಹೇಳಿದರೂ ಥಟ್ಟನೆ ಹೂಂ ಅನ್ನುವುದು ನನ್ನಿಂದಾಗುವುದಿಲ್ಲ. “ಇನ್ನೊಮ್ಮೆ ಹೇಳ್ರಿ” ಅನ್ನುತ್ತೇನೆ. ಹಾಲಿನವನಿಗೂ ಹಾಗೇ, ಹೆಂಡತಿಗೂ ಹಾಗೇ. ಊರಲ್ಲಿ ನನ್ನನ್ನು ಕಿವುಡ ಅನ್ನುತ್ತಾರೆ, ಹತ್ತಿರ ಬಂದು ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ಅದು ಸುಳ್ಳೆಂದು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.