ಫೋಟೋದಲ್ಲಿ ಐದೇ ಹೆಲ್ಮೆಟ್

ಕಳೆದ ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ನನ್ನ ಹೆಂಡತಿ ಖರ್ದುಂಗ್ ಲಾ ಗೆದ್ದಳು. ಹಾಗೆಂದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪ್ ಘೋಷಿಸಿತು. ಎರಡು ಗಂಟೆಗೆ ಅಭಿನಂದನೆಯ ಫ್ಲೆಕ್ಸ್ ಪ್ರಿಂಟಿಗೆ ಹೋಯಿತು. ಮೂರು ಗಂಟೆಗೆ, ಅವಳು ಎಲ್ಲಿದ್ದಾಳೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದು ನನಗೆ ಗೊತ್ತಾಯಿತು.

ಮೊದಲಿನಿಂದ ಹೇಳುತ್ತೇನೆ.

ಸುಮಾಗೆ ನಲವತ್ತೊಂಬತ್ತು. ಮಹದೇವಪುರದ ವಾಲ್ವ್ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ವಾಲ್ವಿಗೆ ಒತ್ತಡ ಕೊಟ್ಟು ಪರೀಕ್ಷಿಸುವುದು, ಸೋರಿದರೆ ಕೆಂಪು ಟ್ಯಾಗ್ ಕಟ್ಟಿ ಪಕ್ಕಕ್ಕಿಡುವುದು ಅವಳ ಕೆಲಸ. ಲಾರಿ ಗೇಟಿನಲ್ಲಿ ಕಾಯುತ್ತಿರಲಿ, ಮ್ಯಾನೇಜರ್ ತಲೆಯ ಮೇಲೆ ಬಂದು ನಿಂತಿರಲಿ, ಸೋರಿದ್ದು ಸೋರಿದ್ದೇ. (ಮನೆಯಲ್ಲಿ ನಾನು ಮಾಡಿದ ಸಾರಿಗೂ ಇದೇ ನ್ಯಾಯ.)

ಮೂರು ವರ್ಷದ ಹಿಂದೆ ಮೊಣಕಾಲು ನೋವಿಗೆಂದು ಸೈಕಲ್ ಕೊಂಡಳು. ಬ್ರೂಕ್‌ಫೀಲ್ಡಿನ ಸೈಕಲ್ ಬಳಗ ಸೇರಿದಳು. ಮೊದಲು ಹೊಸಕೋಟೆ, ಆಮೇಲೆ ನಂದಿಬೆಟ್ಟ. ಈ ವರ್ಷ ಇದ್ದಕ್ಕಿದ್ದಂತೆ ಲಡಾಖ್. ಲೇಹ್ ಊರಿನಿಂದ ಖರ್ದುಂಗ್ ಲಾ ಎಂಬ ಕಣಿವೆದಾರಿಯ ನೆತ್ತಿಗೆ ಸುಮಾರು ನಲವತ್ತು ಕಿಲೋಮೀಟರ್. ಅಷ್ಟೂ ಏರು. ಮೇಲೆ ಹೋದಂತೆ ಉಸಿರಿಗೆ ಸಿಗುವ ಗಾಳಿ ಕಡಿಮೆ. ಆರು ಜನರ ತಂಡ. ನಾಲ್ಕು ದಿನ ಲೇಹ್‌ನಲ್ಲಿದ್ದು ಹವೆಗೆ ಒಗ್ಗಿಕೊಂಡು, ಐದನೆಯ ದಿನ ಹತ್ತಿ, ಅದೇ ದಿನ ಇಳಿಯುವ ಯೋಜನೆ.

ತಯಾರಿ ಎಲ್ಲಿ? ವೈಟ್‌ಫೀಲ್ಡ್ ಕಡೆ ಬೆಟ್ಟ ಎಲ್ಲಿದೆ? ಇರುವುದು ಫ್ಲೈಓವರ್. ಅದರ ಮೇಲೂ ಟ್ರಾಫಿಕ್ ಜಾಮ್. ಹಾಗಾಗಿ ಅವಳು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟನ್ನು ಆರಿಸಿಕೊಂಡಳು. ಮೂರು ಅಂತಸ್ತಿನ ಪಾರ್ಕಿಂಗ್. ಕೆಳಗಿನಿಂದ ಗೇಟಿನವರೆಗೆ ಸುತ್ತಿಕೊಂಡು ಬರುವ ರ‍್ಯಾಂಪ್. ಮೂರು ತಿಂಗಳು, ದಿನವೂ ಬೆಳಗ್ಗೆ ಐದಕ್ಕೆ ಅದನ್ನು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಎಷ್ಟು ಸುತ್ತಾಯಿತೆಂದು ಲೆಕ್ಕವಿಡುತ್ತಿದ್ದವರು ವಾಚ್‌ಮನ್ ಭೀಮಪ್ಪ. ಲಿಂಗಸುಗೂರು ಕಡೆಯವರು, ನನ್ನದೇ ವಯಸ್ಸು. ಒಂದು ಸುತ್ತಿಗೆ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೀಟು.

ಒಂದು ದಿನ ಭೀಮಪ್ಪ ನನ್ನನ್ನು ಗೇಟಿನ ಬಳಿ ತಡೆದರು.

"ಸರ, ಒಂದ್ ಮಾತ್ ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ಕೇಳಿ ಭೀಮಪ್ಪ."

"ಸೈಕಲ್ ಹೊಡ್ಯೋದು ತಿಳೀತರಿ. ಅದು ಮುಗದ ಮ್ಯಾಲ ಮೇಡಂ ಅವ್ರು ದಿನಾ ಪಾರ್ಕಿಂಗ್ ಗೆರಿ ಮ್ಯಾಲ ಒಂದೊಂದ ಹೆಜ್ಜಿ ಇಟ್ಕೋತ ತೂಗಾಡಿ ನಡೀತಾರ. ಮನ್ಯಾಗ ಎಲ್ಲಾ ಚಲೋ ಐತಿಲ್ರಿ?"

ನಕ್ಕೆ. ಆದರೆ ಪ್ರಶ್ನೆ ನ್ಯಾಯವಾದದ್ದೇ. ಸುಮಾ ಡಾಕ್ಟರನ್ನು ಕೇಳಿ ತಿಳಿದುಕೊಂಡ ಸಂಗತಿ ಇದು: ಅಷ್ಟು ಎತ್ತರದಲ್ಲಿ ಅಪಾಯ ಹೆಚ್ಚಾದಾಗ ಹೆಜ್ಜೆ ತಪ್ಪುತ್ತದೆ. ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿಕೊಂಡು ಗೆರೆಯ ಮೇಲೆ ನೇರ ನಡೆಯಲಾಗದಿದ್ದರೆ ತಡಮಾಡದೆ ಕೆಳಗಿಳಿಯಬೇಕು. ಸುಸ್ತಾದಾಗಲೂ ತಾನು ನೇರ ನಡೆಯಬಲ್ಲೆನೇ ಎಂಬುದು ಮೊದಲೇ ಗೊತ್ತಿರಬೇಕಲ್ಲ? ಅದಕ್ಕೇ ಹಳದಿ ಗೆರೆಯ ಮೇಲೆ ಆ ನಡಿಗೆ.

ಹೊರಡುವ ಹಿಂದಿನ ದಿನ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು. ಮಾತ್ರೆಗೂ ಬಗ್ಗದ ತಲೆನೋವು. ವಾಂತಿ. ಗೆರೆಯ ಮೇಲೆ ಹೆಜ್ಜೆ ತಪ್ಪುವುದು. "ಮೂರರಲ್ಲಿ ಎರಡು ಕಂಡರೆ ವಾಪಸ್." ಕೆಳಗೆ ಕಾರ್ಖಾನೆಯ ಅಭ್ಯಾಸದಂತೆ ಸಹಿ, ತಾರೀಖು.

"ಇದು ಯಾರಿಗೆ?" ಎಂದೆ.

"ನನಗೇ. ಅಲ್ಲಿ ಹೋದ್ಮೇಲೆ ನಾನು ಬುದ್ಧಿ ಉಪಯೋಗಿಸ್ತೀನಿ ಅಂತ ಏನ್ ಗ್ಯಾರಂಟಿ ರೀ?"

ಇಷ್ಟೆಲ್ಲ ಯೋಚಿಸಿದವಳು ಒಂದನ್ನು ಮರೆತಳು. ಹೊರಗಿನ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ. ಅಲ್ಲಿ ಇಳಿದ ಮೇಲೆ ತಿಳಿಯಿತು. ಉಳಿದದ್ದು ಹೋಟೆಲಿನ ವೈಫೈ ಮಾತ್ರ.

ಗುರುವಾರ ಬೆಳಗಿನ ಮೆಸೇಜ್ ಹೀಗಿತ್ತು: "ಹೊರಟೆ. ಸಂಜೆ ಹೋಟೆಲಿಗೆ ಬಂದು ಫೋನ್ ಮಾಡ್ತೀನಿ. ರವೆ ಎರಡನೇ ಡಬ್ಬದಲ್ಲಿದೆ."

ಒಂದು ಗಂಟೆಗೆ ಫೋಟೋ ಬಂತು. ತಂಡದ ಲೀಡರ್‌ನ ಪೋಸ್ಟ್‌ಪೇಯ್ಡ್ ಫೋನಿಗೆ ಮೇಲೆ ಒಂದು ಕಡ್ಡಿ ಸಿಗ್ನಲ್ ಸಿಕ್ಕಿತ್ತಂತೆ. ಹಳದಿ ಬೋರ್ಡು, ಬಣ್ಣದ ಬಾವುಟಗಳ ತೋರಣ, ಮುಂದೆ ಸಾಲಾಗಿ ಸೈಕಲ್ ಸವಾರರು. ಹೆಲ್ಮೆಟ್, ಕಪ್ಪು ಕನ್ನಡಕ, ಮೂಗಿನವರೆಗೆ ಬಟ್ಟೆ. ಯಾರು ಗಂಡು, ಯಾರು ಹೆಣ್ಣು ತಿಳಿಯದು. ಸೈಕಲ್ ಬಳಗದಿಂದ ಅದು ನಮ್ಮ ಗ್ರೂಪಿಗೆ ಹಾರಿತು. ಚಪ್ಪಾಳೆ, ಕೇಕು, ತ್ರಿವರ್ಣ ಧ್ವಜ. ನಾನೂ ಇಬ್ಬರಿಗೆ "ಧನ್ಯವಾದ" ಎಂದು ಬರೆದೆ.

ಎರಡು ಗಂಟೆಗೆ ಅಸೋಸಿಯೇಷನ್ ಸೆಕ್ರೆಟರಿ ರುದ್ರೇಶ್ ಲ್ಯಾಪ್‌ಟಾಪ್ ಹಿಡಿದು ಬಂದರು.

"ಸಾರ್, ನೀವು ಪ್ರೆಸ್‌ನೋರು. ಒಂದ್ಸಲ ಕಣ್ಣಾಡಿಸ್ಬಿಡಿ. ಏನಾದ್ರೂ ಮಿಸ್ಟೇಕ್ ಆದ್ರೆ ಬಿ ಬ್ಲಾಕ್‌ನೋರು ವರ್ಷಗಟ್ಲೆ ಆಡ್ಕೋತಾರೆ."

"ಖರ್ದುಂಗ್ ಲಾ ಗೆದ್ದು ಬಂದ ನಮ್ಮ ಹೆಮ್ಮೆಯ ಶ್ರೀಮತಿ ಸುಮಾ ಅವರಿಗೆ ಹಾರ್ದಿಕ ಅಭಿನಂದನೆಗಳು." ಕೆಳಗೆ ಹನ್ನೊಂದು ಜನ ಸಮಿತಿ ಸದಸ್ಯರ ಮುಖಗಳು. ಒಂದೊಂದೂ ಹಿಂದಿನ ಹಿಮಾಲಯಕ್ಕಿಂತ ದೊಡ್ಡದು. (ರಸ್ತೆಯಲ್ಲಿ ಫ್ಲೆಕ್ಸ್ ಕಟ್ಟಬಾರದು, ನಿಜ. ಗೇಟಿನ ಒಳಗೆ ಸೆಕ್ರೆಟರಿಯದೇ ಕಾನೂನು.)

ಶ್ರದ್ಧೆಯಿಂದ ನೋಡಿದೆ. ಎರಡು ಕಾಗುಣಿತ ತಿದ್ದಿದೆ. ಎತ್ತರದ ಬಗ್ಗೆ ಒಬ್ಬೊಬ್ಬರದು ಒಂದೊಂದು ಲೆಕ್ಕವಿದ್ದುದರಿಂದ, ಯಾರ ಲೆಕ್ಕಕ್ಕೂ ತಪ್ಪಾಗದಂತೆ "ಹದಿನೇಳು ಸಾವಿರ ಅಡಿಗೂ ಮೇಲೆ" ಎಂದು ಬದಲಿಸಿದೆ. ಮೂವತ್ತು ವರ್ಷ ಪತ್ರಿಕೆಯ ಡೆಸ್ಕ್‌ನಲ್ಲಿ ಕೂತವನ ಗತ್ತಿನಲ್ಲಿ "ಪ್ರಿಂಟಿಗೆ ಕಳಿಸಿ" ಎಂದೆ.

ಮೂರು ಗಂಟೆಗೆ ದಾವಣಗೆರೆಯಿಂದ ನಾದಿನಿಯ ಫೋನ್. ಫೋಟೋ ಅವಳಿಗೂ ಮುಟ್ಟಿತ್ತು.

"ಭಾವ, ಇದ್ರಾಗೆ ನಮ್ಮಕ್ಕ ಯಾರು? ಎಲ್ಲಾರೂ ಒಂದೇ ತರ ಕಾಣ್ತಾರಲ್ಲ!"

ತಡಿ, ಹೇಳುತ್ತೇನೆ ಎಂದು ಫೋಟೋ ಹಿಗ್ಗಿಸಿದೆ. ಎಡದಿಂದ ಬಲಕ್ಕೆ. ಒಂದು, ಎರಡು, ಮೂರು, ನಾಲ್ಕು, ಐದು. ಬಲದಿಂದ ಎಡಕ್ಕೆ ಎಣಿಸಿದೆ. ಐದು.

ಹೋದವರು ಆರು.

ಅವಳೇ ಫೋಟೋ ತೆಗೆದಿರಬಹುದಲ್ಲ? ಹಾಗಿದ್ದರೆ ಸೈಕಲಾದರೂ ಇರಬೇಕು. ಬೋರ್ಡಿಗೆ ಒರಗಿಸಿದ್ದ ಸೈಕಲ್ ಎಣಿಸಿದೆ. ಅವೂ ಐದು. ಅವಳ ಹಸಿರು ಸೈಕಲ್ ಅಲ್ಲಿರಲಿಲ್ಲ.

ನನ್ನ ಮೊದಲ ಚೀಫ್ ಸಬ್ ಎಡಿಟರ್ ಕಲಿಸಿದ ಮೊದಲ ಪಾಠವೇ ಇದು: ಫೋಟೋ ಅಡಿ ಹೆಸರು ಬರೆಯುವ ಮುಂಚೆ ತಲೆ ಎಣಿಸು. ಎಷ್ಟೋ ಹುಡುಗರಿಗೆ ನಾನೂ ಅದನ್ನೇ ಬೈದು ಕಲಿಸಿದ್ದೇನೆ. ಕಾಗುಣಿತ ನೋಡಿದೆ, ಎತ್ತರ ನೋಡಿದೆ, ಹೆಸರು ನೋಡಿದೆ. ಹೆಂಡತಿ ಇದ್ದಾಳೆಯೇ ಎಂದು ಮಾತ್ರ ನೋಡಲಿಲ್ಲ.

ನಾದಿನಿಗೆ "ಬಲಗಡೆಯಿಂದ ಎರಡನೆಯವಳು" ಎಂದು ಸುಳ್ಳು ಹೇಳಿ ಫೋನಿಟ್ಟೆ. ಲೀಡರ್‌ಗೆ ಫೋನ್ ಹಚ್ಚಿದೆ, ವ್ಯಾಪ್ತಿ ಪ್ರದೇಶದಿಂದ ಹೊರಗೆ. ಹೋಟೆಲಿಗೆ ಹಚ್ಚಿದೆ, ರಿಂಗ್ ಆಗಿ ಆಗಿ ನಿಂತಿತು. ಅಡುಗೆಮನೆಗೆ ಹೋಗಿ ಚೀಟಿ ಓದಿದೆ. ಮತ್ತೆ ಫೋನ್ ಮಾಡಿದೆ. ಮತ್ತೆ ಚೀಟಿ ಓದಿದೆ. ಎರಡು ಕಂಡರೆ ವಾಪಸ್. ಬರೆಯುವುದೇನೋ ಬ್ರೂಕ್‌ಫೀಲ್ಡಿನಲ್ಲಿ, ಫ್ಯಾನಿನ ಕೆಳಗೆ ಕೂತು ಬರೆಯಬಹುದು. ಮೂರು ತಿಂಗಳು ರ‍್ಯಾಂಪ್ ತುಳಿದು, ನೆತ್ತಿ ಕಣ್ಣಿಗೆ ಕಾಣುತ್ತಿರುವಾಗ ಯಾರು ತಿರುಗುತ್ತಾರೆ? ನಾನಾದರೆ ತಿರುಗುತ್ತಿದ್ದೆನೆ?

ಇತ್ತ ಗ್ರೂಪಿನಲ್ಲಿ ಚಪ್ಪಾಳೆ ನಿಂತಿರಲಿಲ್ಲ.

ಐದು ಗಂಟೆಗೆ ಭೀಮಪ್ಪ ಬೆಲ್ ಮಾಡಿದರು. ಫ್ಲೆಕ್ಸ್ ಎಲ್ಲಿ ಕಟ್ಟಬೇಕೆಂದು ಕೇಳಲು. ನನ್ನ ಮುಖ ನೋಡಿ ಅದನ್ನು ಬಿಟ್ಟು, "ಯಾಕ್ರೀ ಸರ?" ಎಂದರು. ಆ ಹೊತ್ತಿನವರೆಗೆ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ಫೋಟೋ ತೋರಿಸಿದೆ. ಅವರೂ ಎಣಿಸಿದರು, ಬೆರಳಿಟ್ಟು, ಸೀಮೆಸುಣ್ಣದ ಗೀಟು ಎಣಿಸುವಂತೆ.

"ಮೇಡಂ ಗೆರಿ ಮ್ಯಾಲ ನಡದ ನೋಡಿರ್ತಾರ್ರಿ," ಎಂದರು. ಅಷ್ಟೇ. ಹೋಗಲಿಲ್ಲ. ಬಾಗಿಲಲ್ಲೇ ನಿಂತರು.

ಆರೂ ಹತ್ತಕ್ಕೆ ಹೋಟೆಲಿನ ನಂಬರಿನಿಂದ ಫೋನ್.

"ರೀ, ನಾನು. ಲೇಹ್‌ನಲ್ಲಿದೀನಿ. ಹುಷಾರಾಗಿದೀನಿ. ಮೇಲಕ್ಕೆ ಹೋಗ್ಲಿಲ್ಲ."

ಮೂವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಬರೆದ ಸುದ್ದಿಯನ್ನು ನಾನು ಕಂಡಿಲ್ಲ. ಮುಖ್ಯವಾದದ್ದು ಮೊದಲು, ಉಳಿದದ್ದು ಆಮೇಲೆ. "ಹುಷಾರಾಗಿದ್ದಾಳಂತೆ," ಎಂದು ಬಾಗಿಲ ಕಡೆ ತಿರುಗಿ ಹೇಳಿದೆ. ಭೀಮಪ್ಪ ಬಾಗಿಲಲ್ಲೇ ಕೈಮುಗಿದರು; ಯಾರಿಗೆಂದು ನಾನು ಕೇಳಲಿಲ್ಲ.

ನಡೆದದ್ದು ಇಷ್ಟು. ಲೇಹ್‌ನಿಂದ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ಎಷ್ಟು ತಿರುವು ದಾಟಿದರೂ ಕೆಳಗೆ ಅದೇ ಲೇಹ್ ಕಾಣುತ್ತದೆ, ಇಲ್ಲೇ ಇದ್ದೀಯಲ್ಲ ಎಂದು ಅಣಕಿಸುವಂತೆ. ಸೌತ್ ಪುಲ್ಲು ಎಂಬ ಚೆಕ್‌ಪೋಸ್ಟ್‌ವರೆಗೆ ಟಾರು ಚೆನ್ನಾಗಿತ್ತು. ಅಲ್ಲಿಂದ ಮೇಲೆ ರಸ್ತೆ ಕಿತ್ತುಹೋಗಿತ್ತು, ಹಿಮ ಕರಗಿದ ನೀರು ಅಡ್ಡಲಾಗಿ ಹರಿಯುತ್ತಿತ್ತು. ತಲೆನೋವು ಚೆಕ್‌ಪೋಸ್ಟ್‌ನಲ್ಲೇ ಶುರುವಾಗಿತ್ತು. ಮಾತ್ರೆ ನುಂಗಿದಳು, ಬಗ್ಗಲಿಲ್ಲ. ನೆತ್ತಿಗೆ ನಾಲ್ಕು ಕಿಲೋಮೀಟರ್ ಇರುವಾಗ ವಾಂತಿಯಾಯಿತು. ಸೈಕಲಿಂದ ಇಳಿದಳು.

ಲೀಡರ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ, ಒಳ್ಳೆಯ ಮನಸ್ಸಿನ ಯುವಕ. "ಮೇಡಂ, ಇನ್ನು ನಾಲ್ಕೇ ಕಿಲೋಮೀಟರ್. ವ್ಯಾನ್ ಹತ್ಕೊಳ್ಳಿ, ಬೋರ್ಡ್ ಹತ್ರ ಒಂದು ಫೋಟೋ ಹೊಡ್ಕೊಂಡು ಇಳಿದ್ಬಿಡಿ. ಯಾರಿಗ್ ಗೊತ್ತಾಗತ್ತೆ?" ಎಂದನಂತೆ.

ಅವಳು ಬೂಟಿನ ಹಿಮ್ಮಡಿಯಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದಳು. ನಡೆದಳು. ನಾಲ್ಕನೆಯ ಹೆಜ್ಜೆ ಗೆರೆಯ ಆಚೆ ಬಿತ್ತು. ಇನ್ನೊಮ್ಮೆ ನಡೆದಳು. ಈ ಸಲ ಮೂರನೆಯದು.

"ಎರಡು ಆಗ್ಲೇ ಆಗಿತ್ತಲ್ಲ, ಮತ್ತೆ ಯಾಕೆ ನಡೆದೆ?" ಎಂದೆ.

"ಅದು ನನಗೋಸ್ಕರ ಅಲ್ಲ ರೀ. ಆ ಹುಡುಗನಿಗೆ ತೋರ್ಸೋಕೆ."

ಜೊತೆಗಿದ್ದ ಎರಡು ವ್ಯಾನುಗಳಲ್ಲಿ ಒಂದು ಅವಳನ್ನೂ ಸೈಕಲನ್ನೂ ಇಳಿಸಿ ತಂದಿತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು, ತಲೆನೋವು ಇಳಿದು, ಹೆಜ್ಜೆ ನೇರವಾದ ಮೇಲೆ ಬಿಟ್ಟರು. ಹೋಟೆಲಿಗೆ ಬಂದವಳೇ ರಿಸೆಪ್ಷನ್ ಫೋನ್ ಹಿಡಿದಿದ್ದಳು.

"ಬೇಜಾರಾಯ್ತಾ?"

"ಆಗ್ದೇ ಇರುತ್ತಾ? ವ್ಯಾನಲ್ಲಿ ಕೂತು ಅತ್ತೆ. ಆದ್ರೂ ಸೋರ್ತಿರೋ ವಾಲ್ವ್‌ನ ಲಾರಿಗೆ ಹತ್ತಿಸ್ತೀನೇನ್ರೀ ನಾನು?"

ನಮ್ಮ ಕಡೆಯ ಆಫೀಸುಗಳ ಗೋಡೆ ನೋಡಿದ್ದೀರಲ್ಲ? ಶಿಖರದ ಮೇಲೆ ಕೈಯೆತ್ತಿ ನಿಂತವರ ಚಿತ್ರ ಎಲ್ಲ ಕಡೆಯೂ ಇರುತ್ತದೆ. ಕೆಳಗಿಳಿಯುವ ವ್ಯಾನಿನ ಚಿತ್ರ ಎಲ್ಲಾದರೂ ಇದೆಯೆ? ಇನ್ನೊಂದು ಸಾಫ್ಟ್‌ವೇರ್ ರಿಲೀಸ್, ಇನ್ನೊಂದು ಶಿಫ್ಟ್, ಇನ್ನು ನಾಲ್ಕೇ ಕಿಲೋಮೀಟರ್. ಎದೆ ಹಿಡಿದುಕೊಂಡೂ ಮೀಟಿಂಗ್ ಮುಗಿಸಿದವರ ಕಥೆಯನ್ನು ನಾವು ಮೆಚ್ಚಿಕೊಂಡು ಹೇಳುತ್ತೇವೆ. ಅದು ಹೇಗೆ ಮುಗಿಯಿತೆಂದು ಹೇಳುವಾಗ ಮಾತ್ರ ದನಿ ತಗ್ಗುತ್ತದೆ.

ಭಾನುವಾರ ಸುಮಾ ಬಂದಳು. ಮೂಗಿನ ಸಿಪ್ಪೆ ಎದ್ದಿತ್ತು. ಅಷ್ಟು ಬಿಟ್ಟರೆ ಹೋದವಳು ಹೋದ ಹಾಗೆಯೇ ಇದ್ದಳು. ಬೇಸ್‌ಮೆಂಟಿನಲ್ಲಿ ಭೀಮಪ್ಪನವರ ಜೊತೆ ರುದ್ರೇಶ್ ಕಾಯುತ್ತಿದ್ದರು. ಪಕ್ಕದಲ್ಲಿ ಫ್ಲೆಕ್ಸ್ ಸುರುಳಿ.

"ಮೇಡಂ, ತಪ್ಪು ತಿಳ್ಕೋಬೇಡಿ. ಪ್ರಿಂಟ್ ಆಗ್ಬಿಟ್ಟಿದೆ. ಎರಡು ದಿನ ಹಂಗೇ ಕಟ್ಬಿಡೋಣ. ಬಿ ಬ್ಲಾಕ್‌ನೋರಿಗೆ ಏನ್ ಗೊತ್ತಾಗತ್ತೆ?"

ಈ ಮಾತನ್ನು ಅವಳು ಆ ವಾರ ಎರಡನೆಯ ಸಲ ಕೇಳುತ್ತಿದ್ದಳು. ಫ್ಲೆಕ್ಸನ್ನು ನೆಲದ ಮೇಲೆ ಬಿಡಿಸಿದಳು. ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ, ಹನ್ನೊಂದು ಮುಖಗಳನ್ನೂ ಸೇರಿಸಿ ನೋಡಿದಳು.

"ಇದನ್ನ ಚೆಕ್ ಮಾಡಿದ್ದು ಯಾರು?"

ರುದ್ರೇಶ್ ನನ್ನತ್ತ ಕೈ ತೋರಿಸಿದರು.

ಅವಳು ಪ್ರಯಾಣಕ್ಕೂ ಒಯ್ದಿದ್ದ ಕಾರ್ಖಾನೆಯ ಬ್ಯಾಗಿನಿಂದ ಒಂದು ಕೆಂಪು ಟ್ಯಾಗ್ ತೆಗೆದು, ಫ್ಲೆಕ್ಸಿನ ಮೂಲೆಯ ತೂತಿಗೆ ಕಟ್ಟಿ, ಸಹಿ ಹಾಕಿ, ತಾರೀಖು ಬರೆದು, ಲಿಫ್ಟ್ ಹತ್ತಿದಳು.

ನಾವು ಮೂವರು ಅದರ ಸುತ್ತ ನಿಂತಿದ್ದೆವು. "ಹಂಗಾದ್ರೆ ಹೊಸದ್ರಲ್ಲಿ ಏನಂತ ಹಾಕ್ಸೋದು ಸಾರ್?" ರುದ್ರೇಶ್ ನನ್ನನ್ನೇ ಕೇಳಿದರು.

"‘ಮೇಡಂ ಹೋಗಿದ್ರು, ಹೊಳ್ಳಿ ಬಂದ್ರು’ ಅಂತ ಬರಸ್ರಿ," ಎಂದರು ಭೀಮಪ್ಪ. "ಅದ್ರಾಗ ಸುಳ್ಳಿಲ್ಲಲ್ರಿ."

ಮೂವತ್ತು ವರ್ಷ ಊರಿಗೆಲ್ಲ ಹೆಡ್‌ಲೈನ್ ಕೊಟ್ಟವನಿಗೆ ಇದೊಂದು ಯಾಕೆ ಹೊಳೆಯಲಿಲ್ಲ?