ಕಾಲಿಗೆ ಒಪ್ಪುವ ಪೆಟ್ಟಿಗೆ

"ಅಮ್ಮಾ, ಆರ್ಮಸ್ ತಾತ ಪೆಟ್ಟಿಗೆಯೊಳಗೆ ದೀಪ ಹಚ್ಚಿ ಯಾಕೆ ನೋಡ್ತಾ ಕೂತ್ಕೋತಾರೆ?"

ನಾಲ್ಕು ವರ್ಷದ ಹೆಲ್ಕಾಳ ಪ್ರಶ್ನೆಗೆ ಹೆನ್ರೀಕಾ ನಕ್ಕಳು. ಅವು ದೀಪಗಳಲ್ಲ, ಗಿಟಾರಿನ ದನಿ ಹೆಚ್ಚಿಸುವ ಪೆಟ್ಟಿಗೆಯೊಳಗೆ ಕಾದು ಹೊಳೆಯುವ ಗಾಜಿನ ವಾಲ್ವುಗಳು. ಟಾಂಪೆರೆ ನಗರದ ಸುತ್ತಲಿನ ಸರೋವರದಂಡೆಯ ನೃತ್ಯಮಂಟಪಗಳಲ್ಲಿ ಬೇಸಿಗೆಯುದ್ದಕ್ಕೂ ಟ್ಯಾಂಗೋ ಕುಣಿತಕ್ಕೆ ಗಿಟಾರು ನುಡಿಸುವ ಎದುರುಮನೆಯ ಆರ್ಮಸ್, ಕೈಯಲ್ಲೇ ತಯಾರಿಸಿದ ಅಂಥ ಎರಡು ದುಬಾರಿ ಆಂಪ್ಲಿಫೈಯರುಗಳನ್ನು ಅಂಗಡಿಯಿಂದ ಪರೀಕ್ಷೆಗೆಂದು ತಂದಿದ್ದರು. ಒಂದನ್ನು ಇಟ್ಟುಕೊಂಡು ಸೋಮವಾರ ಇನ್ನೊಂದನ್ನು ಹಿಂತಿರುಗಿಸಬೇಕು. ಹೋದ ಸಲ ಮನೆಯಲ್ಲೇ ಕೇಳಿ ಮರುಳಾಗಿ ಕೊಂಡದ್ದು ಮಂಟಪದಲ್ಲಿ ಗಾಯಕಿಯ ದನಿಯನ್ನೇ ನುಂಗಿತ್ತು. ಇನ್ನೊಮ್ಮೆ ಹಾಗಾದರೆ ಬೇರೆ ಗಿಟಾರಿನವರನ್ನು ಹುಡುಕುತ್ತೇವೆ ಎಂದು ವಾದ್ಯವೃಂದದವರು ಹೇಳಿಬಿಟ್ಟಿದ್ದರು.

"ಬೆಳಿಗ್ಗೆ ಕಪ್ಪು ಬಣ್ಣದ್ದೇ ಸರಿ ಅನ್ಸುತ್ತೆ, ಸಂಜೆ ಕಂದು ಬಣ್ಣದ್ದು," ಎಂದರು ಆರ್ಮಸ್, ಹೆನ್ರೀಕಾಳ ಅಡುಗೆಮನೆಯಲ್ಲಿ ಕಾಫಿ ಹೀರುತ್ತಾ.

"ಮನೇಲಿ ಕೂತು ಆರಿಸಿದ್ರೆ ಇನ್ನೇನಾಗುತ್ತೆ? ನಿಮ್ಮನೇಲಿ ಯಾರು ಕುಣೀತಾರೆ, ನಿಮ್ಮ ಬೆಕ್ಕಾ?"

ಆರ್ಮಸ್ ಲೋಟ ಕೆಳಗಿಟ್ಟರು. ಮಂಟಪದಲ್ಲಿ ಜೋಡಿಯಾದವರು ಎರಡು ಹಾಡು ಒಟ್ಟಿಗೇ ಕುಣಿಯುವುದು ಪದ್ಧತಿ. ಅದನ್ನೇ ಪರೀಕ್ಷೆಗೆ ಬಳಸಬಹುದೆಂದು ಈಗ ಅವರಿಗೆ ಹೊಳೆದಂತಿತ್ತು.

"ಶನಿವಾರ ಮಂಟಪಕ್ಕೆ ಬಾ ತಾಯಿ. ಮೊದಲನೇ ಹಾಡು ಕಪ್ಪು ಪೆಟ್ಟಿಗೇಲಿ ನುಡಿಸ್ತೀನಿ, ಎರಡನೇದು ಕಂದು ಪೆಟ್ಟಿಗೇಲಿ. ಜೋಡಿ ಅದೇ, ನೆಲ ಅದೇ. ಹೆಲ್ಕಾನ ನಮ್ಮವಳು ನೋಡ್ಕೋತಾಳೆ. ನೀನು ನನ್ನ ಮುಖ ನೋಡದೆ ಕುಣಿ, ಯಾವ್ದಕ್ಕೆ ಕಾಲು ತಾನಾಗೇ ಹೋಯ್ತು ಅಂತ ಆಮೇಲೆ ಹೇಳ್ತೀಯಾ?"