ಮೊಳೆಗಳ ಖಾನೆಗೆ ಹುಣಸೆ ಬೀಜ

ಎಂಬತ್ತರ ದಶಕದ ಮಾತು. ಹಾನಗಲ್ಲಿನ ಅಕ್ಕನ ಮಗಳ ಲಗ್ನಪತ್ರಿಕೆ ಅಚ್ಚು ಹಾಕಿಸಲು ಅಲ್ಲಿಯ ಪ್ರೆಸ್ಸಿಗೆ ಹೋದವಳು ಬಂದ ಕೆಲಸ ಮರೆತು ನಿಂತೆ. ಅಕ್ಷರದ ಮೊಳೆಗಳನ್ನು ತುಂಬಿಟ್ಟ ಮರದ ಖಾನೆಗಳಲ್ಲಿ ನಾಲ್ಕೈದರ ಅಂಚಿಗೆ ಹುಣಸೆ ಬೀಜಗಳು ನೇತಾಡುತ್ತಿದ್ದವು!

"ಇವು ಯಾಕ್ರಿ?" ಎಂದು ಮೊಳೆ ಜೋಡಿಸುತ್ತಿದ್ದ ಹಿರಿಯರನ್ನು ಕೇಳಿದೆ.

"ಆ ಖಾನ್ಯಾಗ ಮೊಳಿ ತೀರಾಕ ಬಂದಾವಂತ ಗುರುತ್ರಿ ಅಕ್ಕಾರ. ಶಿಗ್ಗಾಂವದ ಪ್ರೆಸ್ಸಿನವರನ್ನ ನೋಡಿ ಕಲ್ತೇನಿ. ಅವರು ಸವಣೂರಾಗ ಕಲ್ತಾರಂತ. ಮೊದಲ ಯಾರು ಇಟ್ರೋ, ಯಾರಿಗ್ಗೊತ್ತು! ಬರೇ ಇಟ್ರ ಬೀಜ ಉರುಳಿ ಮೊಳಿಯಾಗ ಬೀಳ್ತಿದ್ವು. ಅದಕ್ಕ ನಾ ತೂತು ಹಾಕಿ ದಾರ ಕಟ್ಟೇನಿ."

ಮೊದಲು ಇಟ್ಟವರು ಯಾರೆಂದು ನನಗೆ ಗೊತ್ತಿತ್ತು. ಸವಣೂರಿನಲ್ಲಿ ನಮ್ಮ ಕಿರಾಣಿ ಅಂಗಡಿಯ ಪಕ್ಕದ ಪ್ರೆಸ್ಸಿನವರು ಒಮ್ಮೆ, ಅರ್ಧ ಪತ್ರಿಕೆ ಜೋಡಿಸುವಷ್ಟರಲ್ಲಿ ಒಂದು ಅಕ್ಷರದ ಮೊಳೆ ಮುಗಿದು, ಕಟ್ಟಿದ್ದನ್ನೆಲ್ಲ ಬಿಚ್ಚುತ್ತ ತಲೆ ಚಚ್ಚಿಕೊಳ್ಳುತ್ತಿದ್ದರು. ಅಚ್ಚಿನ ಕೆಲಸದ ಗಂಧಗಾಳಿ ಇಲ್ಲದ ನಾನು, ಬೇಳೆ ತೀರುತ್ತ ಬಂದ ಡಬ್ಬಿಯ ಮೇಲೆ ಹುಣಸೆ ಬೀಜ ಇಡುವ ನಮ್ಮ ರೂಢಿ ಹೇಳಿ, ಒಂದು ಹಿಡಿ ಬೀಜ ಕೊಟ್ಟು ಬಂದಿದ್ದೆ.

"ಅದು ನಂದ್ರಿ" ಎನ್ನಲು ಬಾಯಿ ತೆರೆದವಳು ದಾರ ಕಂಡು ಅದನ್ನೇ ಬೆರಳಲ್ಲಿ ಹಿಡಿದು ನೋಡಿದೆ. ನಮ್ಮ ಡಬ್ಬಿಗಳ ಮೇಲಿಂದಲೂ ಬೀಜ ದಿನಾ ಉರುಳಿ ಬೀಳುತ್ತಿದ್ದವು. ದಾರ ಕಟ್ಟುವುದು ನನಗೇ ಹೊಳೆದಿರಲಿಲ್ಲ. ಲಗ್ನಪತ್ರಿಕೆಯ ಒಕ್ಕಣೆ ಕೊಟ್ಟು, ದಾರದ ಬೀಜವೊಂದನ್ನು ಕೇಳಿ ಪಡೆದು, ಸೆರಗಿಗೆ ಗಂಟು ಹಾಕಿಕೊಂಡು ಸವಣೂರಿನ ಬಸ್ಸು ಹತ್ತಿದೆ. ಪಕ್ಕದ ಪ್ರೆಸ್ಸಿನವರಿಗೂ ತೋರಿಸಬೇಕಿತ್ತಲ್ಲ!